ವಿಕ್ರಾಂತನ ಹೆಸರಿನ ನಂಬರು

೧ ಜನವರಿ ೨೦೧೭, ರವಿವಾರ

ಪತ್ತಿನ ಸಂಘದವರು ಕೊಟ್ಟ ಡೈರಿ. ಪ್ರತಿ ವರ್ಷ ನಮ್ಮ ಯಜಮಾನರು ತಂದು ಕಪಾಟಿನ ಮೇಲೆ ಒಗೆಯುತ್ತಿದ್ದರು, ವಿಕ್ರಾಂತ ಅದರ ಹಾಳೆ ಹರಿದು ವಿಮಾನ ಮಾಡಿ ಹಾರಿಸುತ್ತಿದ್ದ. ಈ ವರ್ಷ ಹರಿಯುವವರಿಲ್ಲ. ನಾನೇ ಬರೆದು ತುಂಬಿಸುತ್ತೇನೆ. ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ಸೋತಿದೆ. "ಹೆಂಗಾತ್ರಿ?" ಎಂದು ಕೇಳುತ್ತಾರೆ. ಹೇಳಿದ ಮೇಲೆ "ಬಾಳ ಚಲೋ ಹುಡಗ ಇದ್ದ" ಎನ್ನುತ್ತಾರೆ. ಚಹಾ ಕುಡಿದು ಎದ್ದು ಹೋಗುತ್ತಾರೆ.

ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ, ಮತ್ತೆ ಯಾರಿಗೂ ಹೇಳುವುದಿಲ್ಲ. ಡಿಸೆಂಬರಿನ ಒಂದು ಬೆಳಗ್ಗೆ, ಇನ್ನೂ ಮಬ್ಬು ಇರುವಾಗ, ನನ್ನ ಮಗ ವಿಕ್ರಾಂತ ನಮ್ಮ ಊರು ಭೋಜದ ರಸ್ತೆಯಲ್ಲಿ ಓಡುತ್ತಿದ್ದ. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ಅವನಿಗೆ ಬಡಿಯಿತು. ನಿಪ್ಪಾಣಿಯ ದವಾಖಾನೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದ. ಒಂಬತ್ತನೆಯ ತರಗತಿಯಲ್ಲಿದ್ದ.

ಆ ಹೊತ್ತಿಗೆ ಅವನು ಯಾಕೆ ಓಡುತ್ತಿದ್ದ? ಅಮೋಲ ಸರ್ ಓಡಿಸುತ್ತಿದ್ದರು, ಅದಕ್ಕೆ. ಹೈಸ್ಕೂಲಿನ ಪಿ.ಟಿ. ಮಾಸ್ತರು. ಜಿಯೋ ಸಿಮ್ಮು ಬಂದ ಮೇಲೆ ಊರಿನ ಹುಡುಗರೆಲ್ಲ ಮನೆಯವರ ಫೋನು ಕಸಿದುಕೊಂಡು ಕಟ್ಟೆಯ ಮೇಲೆ ಕುತ್ತಿಗೆ ಬಗ್ಗಿಸಿ ಕೂರತೊಡಗಿದರು. ಸರ್ ವಾಟ್ಸಾಪಿನಲ್ಲಿ ಒಂದು ಗ್ರೂಪು ಮಾಡಿದರು. ಹೆಸರು 'ಸೂರ್ಯನಿಗಿಂತ ಮೊದಲು'. ಬೆಳಗ್ಗೆ ಎದ್ದು ಓಡಿ, ಓಡಿದ ಜಾಗದ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. "ಮೊಬೈಲ್ ಹಿಡದ ಕುಂತ ಹುಡುಗೂರನ್ನ ಮೊಬೈಲ್‌ಲೇ ಎಬ್ಬಸ್ತೀನ್ರಿ ಬಾಯಾರ" ಎಂದು ನನ್ನ ಮುಂದೆಯೇ ಹೇಳಿದ್ದರು. ಅಂಗನವಾಡಿಯಲ್ಲಿ ಕಲಿಸುವ ಬಾಯಿಯಾದ ನನಗೂ ಅದು ಶಾಣ್ಯಾತನ ಅನ್ನಿಸಿತು. ನಕ್ಕೊಂತ ನನ್ನ ನಂಬರು ಕೊಟ್ಟೆ. ಮಕ್ಕಳಿಗೆ ಸ್ವಂತ ಫೋನು ಎಲ್ಲಿಂದ ಬರಬೇಕು? ಹಾಗೆ ನನ್ನ ಫೋನು ವಿಕ್ರಾಂತನದೂ ಆಯಿತು. ಹಲ್ಲು ಕಿರಿದು ನಿಂತ ತನ್ನದೇ ಫೋಟೋ ಅದರ ವಾಟ್ಸಾಪಿಗೆ ಹಾಕಿಕೊಂಡ. ತಂಗಿ ಪೂನಮಳನ್ನೂ ಕರೆದುಕೊಂಡು ಹೋಗುತ್ತಿದ್ದ.

ಆವತ್ತೂ ಅವಳು ಜೊತೆಗೆ ಇದ್ದಳು. ಅವಳಿಗೆ ಒಂದು ಗೀರೂ ಆಗಿಲ್ಲ.

೩ ಜನವರಿ, ಮಂಗಳವಾರ

ಬೆಳಗ್ಗೆ ಫೋನು ಟಿಣ್ ಟಿಣ್ ಅಂದಿತು. ಇವರು ಆಗಲೇ ಡಿಪೋಕ್ಕೆ ಹೋಗಿದ್ದರು, ಮೊದಲ ಬಸ್ಸಿನ ಕಂಡಕ್ಟರಿಕೆ. ತೆಗೆದು ನೋಡಿದರೆ ಅದೇ ಗ್ರೂಪು. ಮತ್ತೆ ಶುರು ಮಾಡಿದ್ದಾರೆ! ನನ್ನ ಮನೆಯಲ್ಲಿ ಮಗನ ಅಂಗಿ ಇನ್ನೂ ಗೂಟದ ಮೇಲಿದೆ.

ವಿಕ್ರಾಂತನ ತರಗತಿಯ ಶೀತಲ ಎಂಬ ಹುಡುಗಿ ಅದರ ಕ್ಯಾಪ್ಟನ್ನು. ಒಂದೊಂದೇ ಹೆಸರು ಬರೆಯುತ್ತಾಳೆ, ಆ ಹುಡುಗರು 'ಹಾಜರ್' ಎಂದು ಬರೆದು ಫೋಟೋ ಹಾಕುತ್ತಾರೆ. ವಿಕ್ರಾಂತನ ಹೆಸರನ್ನೂ ಬರೆದಿದ್ದಾಳೆ. ಅದರ ಮುಂದೆ ಯಾರೂ ಏನೂ ಬರೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮುಂದಿನ ಹೆಸರು ಬಂತು.

ಸಂಜೆ ಇವರಿಗೆ ತೋರಿಸಿದೆ. "ಗ್ರೂಪ್ ಬಿಟ್ಟ ಹೊರಗ ಬಾ. ಒಂದ ಸಲ ಒತ್ತಿದ್ರ ಆತು" ಎಂದರು.

"ಇರ್ಲಿ. ಎಷ್ಟ ದಿನ ಕರೀತಾರ ನೋಡೂಣು."

ನಾಚಿಕೆ ಇಲ್ಲದವರು.

೬ ಜನವರಿ, ಶುಕ್ರವಾರ

ಅಮೋಲ ಸರ್ ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಬಾಬಾಸಾಹೇಬರ ಫೋಟೋದ ಕೆಳಗೆ ಗೋಡೆಗೆ ಒರಗಿ ಕೂತರು. ವಿಕ್ರಾಂತ ಹೋದ ಮೇಲೆ ಮಾಡಿದ ಜಲದಾನ ವಿಧಿಯ ದಿನವೂ ಬಂದಿದ್ದರು, ಅಂದು ಹೊರಗೆಯೇ ನಿಂತಿದ್ದರು.

ನಾನು ಒಂದು ಲೋಟ ನೀರೂ ಕೊಡಲಿಲ್ಲ. ಬೇಕಂತಲೇ ಕೊಡಲಿಲ್ಲ.

"ಬಾಯಾರ, ಪೂನಮನ್ನ ಸಾಲಿಗರ ಕಳಸ್ರಿ" ಎಂದರು. "ಓಡೂದ ಬ್ಯಾಡ. ಬರೇ ಸಾಲಿಗಿ."

"ಇದ್ದ ಒಬ್ಬಾಕಿನ್ನೂ ಕೇಳಾಕ ಬಂದೀರೇನ್ರಿ?" ಎಂದೆ. ಅವರ ಮುಖ ಕಪ್ಪಿಟ್ಟಿತು. ಎದ್ದು ಹೋದರು. ಹೋದ ಮೇಲೆ ನನಗೆ ಸಮಾಧಾನವಾಗಬೇಕಿತ್ತು.

೧೧ ಜನವರಿ, ಬುಧವಾರ

ಇಂದಿನಿಂದ ಅಂಗನವಾಡಿಗೆ ಹೋದೆ. ಚಿಕ್ಕ ಮಕ್ಕಳಿಗೆ ಏನೂ ಗೊತ್ತಿಲ್ಲ. "ಬಾಯಿ, ಎಲ್ಲಿ ಹೋಗಿದ್ರಿ?" ಎಂದು ಸೀರೆ ಹಿಡಿದು ಜಗ್ಗಿದರು. ಬೇಳೆ ಬೇಯುವ ತನಕ ಅಳು ತಡೆದುಕೊಂಡೆ.

ಪೂನಮಳೂ ಶಾಲೆಗೆ ಹೋದಳು. ಎಂಟನೆಯ ತರಗತಿ. ನೇರ ಹೋಗುವುದು, ನೇರ ಬರುವುದು, ಅಂಗಳ ದಾಟುವುದಿಲ್ಲ ಎಂದು ಹೇಳಿದ್ದೇನೆ. ಓಟವಂತೂ ಈ ಜನ್ಮಕ್ಕೆ ಸಾಕು. ಮೊದಲು ಈ ಹುಡುಗಿಯನ್ನು ಒಂದು ಕಡೆ ಕೂರಿಸಬೇಕೆಂದರೆ ನಾನು ಹೈರಾಣಾಗುತ್ತಿದ್ದೆ. ದಾದಾ ದಾದಾ ಎನ್ನುತ್ತಲೇ ಅಣ್ಣನನ್ನು ಹಿಂದೆ ಹಾಕಿ ಓಡುತ್ತಿದ್ದಳು. ಅವನು ಬಂದು "ಆಯಿ, ಇಕಿ ಕಾಲಿಗಿ ಗಾಲಿ ಅದಾವ" ಎಂದು ದೂರು ಹೇಳುತ್ತಿದ್ದ. ಈಗ ಶಾಲೆಯಿಂದ ಬಂದವಳು ಯೂನಿಫಾರ್ಮಿನಲ್ಲೇ ಹೊರಸಿನ ಮೇಲೆ ಬಿದ್ದುಕೊಳ್ಳುತ್ತಾಳೆ.

ಕೂತಿರಲಿ. ಕೂತವರಿಗೆ ಏನೂ ಆಗುವುದಿಲ್ಲ.

೧೪ ಜನವರಿ, ಶನಿವಾರ

ಸಂಕ್ರಾಂತಿ. ಎಳ್ಳು ಹಂಚಲಿಲ್ಲ. ಬೆಳಗ್ಗೆ ಗ್ರೂಪಿನಲ್ಲಿ ವೇದಗಂಗೆಯ ಮೇಲಿನ ಮಂಜಿನ ಫೋಟೋ ಬಂದಿತ್ತು. ಈ ಊರಲ್ಲಿ ಇಷ್ಟು ವರ್ಷ ಇದ್ದೇನೆ, ಹೊಳೆಯನ್ನು ಆ ಹೊತ್ತಿನಲ್ಲಿ ನೋಡಿಲ್ಲ. ಶೀತಲ ತನ್ನ ಬೂಟಿನ ಫೋಟೋ ಹಾಕಿದ್ದಾಳೆ, ಲೇಸು ಬಿಚ್ಚಿ ನೆಲದ ಮೇಲೆ ಎಳೆದಾಡುತ್ತಿದೆ. ಮುಗ್ಗರಿಸಿ ಬಿದ್ದರೆ ಯಾರು ಹೊಣೆ? ಆ ಮಾಸ್ತರಿಗೆ ಇಷ್ಟೂ ಕಾಣುವುದಿಲ್ಲವೇ?

ವಿಕ್ರಾಂತನ ಹೆಸರು ಇವತ್ತೂ ಬರೆದರು. ಮುಂದೆ ಹಾಗೇ ಖಾಲಿ.

೧೯ ಜನವರಿ, ಗುರುವಾರ

ಪೂನಮಳಿಗೆ ಬೈದೆ. ಸಂಜೆ ಫೋನು ಚಾರ್ಜಿಗೆ ಹಾಕು ಎಂದರೆ ಮರೆತಿದ್ದಾಳೆ. ಬೆಳಗ್ಗೆ ಎದ್ದು ನೋಡಿದರೆ ಸತ್ತು ಬಿದ್ದಿದೆ. ಕರೆಂಟೂ ಇಲ್ಲ. ಮಗ್ಗುಲ ಮನೆಯವರ ಹತ್ತಿರ ಇನ್ವರ್ಟರು ಇದೆಯೆಂದು ಅಲ್ಲಿಗೆ ಓಡಿದೆ. ಫೋನು ಚಾಲೂ ಆಗುವ ಹೊತ್ತಿಗೆ ಎಲ್ಲರ ಹೆಸರೂ ಮುಗಿದಿತ್ತು. ಮೇಲೆ ಸರಿಸಿ ನೋಡಿದೆ, ಅವನ ಹೆಸರು ಇತ್ತು.

ನನಗೇನೂ ಆ ಗ್ರೂಪು ಬೇಕಾಗಿಲ್ಲ. ಫೋನು ಅಂದ ಮೇಲೆ ಚಾರ್ಜು ಇರಬೇಕು, ಅಷ್ಟೇ.

೨೪ ಜನವರಿ, ಮಂಗಳವಾರ

ತಾತ್ಯಾಸಾಹೇಬರು ಬಂದಿದ್ದರು. ಹೈಸ್ಕೂಲಿನ ಕಮಿಟಿಯ ಅಧ್ಯಕ್ಷರು, ಕಬ್ಬಿನ ದೊಡ್ಡ ಜಮೀನುದಾರರು. ಆ ಟ್ರ್ಯಾಕ್ಟರು, ಟ್ರೇಲರು ಅವರವೇ. ಅಂದು ಅವರ ಆಳು ಓಡಿಸುತ್ತಿದ್ದ. ನಮ್ಮ ಓಣಿಗೆ ಇಲೆಕ್ಷನ್ ಬಿಟ್ಟರೆ ಅವರು ಕಾಲಿಡುವುದು ಕಡಿಮೆ. ಅಂಗಳದಲ್ಲಿ ಕುರ್ಚಿ ಹಾಕಿಕೊಟ್ಟೆವು. ಚಹಾ ತಂದಿಟ್ಟೆ. "ಈಗರ ಕುಡದ ಬಂದೇನ್ರಿ" ಎಂದರು. ಅವರು ನಮ್ಮ ಓಣಿಗೆ ಬಂದಾಗಲೆಲ್ಲ ಈಗರ ಕುಡಿದೇ ಬಂದಿರುತ್ತಾರೆ.

"ಹುಡುಗೂರು ಕತ್ತಲದಾಗ ಓಡ್ಕೋತ ಬರ್ತಾವ, ಟ್ರೇಲರ್ ಹಿಂದ ಕಬ್ಬ ಜಗ್ಗತಾವ. ಡ್ರೈವರ್ ಆದ್ರೂ ಏನ ಮಾಡ್ಯಾನು? ತಪ್ಪ ಆ ಮಾಸ್ತರಂದು. ಗ್ರೂಪ್ ಬಂದ್ ಮಾಡಸ್ಬೇಕು. ಮೀಟಿಂಗ್ ಕರದ್ರ ಹತ್ತ ಮಂದಿ ಹತ್ತ ಮಾತ ಆಡ್ತಾರ. ನೀವ ಒಂದ ಮಾತ ಗ್ರೂಪಿನ್ಯಾಗ ಬರದ ಹಾಕ್ರಿ ಬಾಯಾರ. ಹೆತ್ತಾಕಿ ಮಾತಿಗಿ ಯಾರ ಎದುರ ಆಡ್ತಾರ?"

ಅವರು ಹೋದ ಮೇಲೆ ಇವರು ತಣ್ಣಗಾದ ಚಹಾ ತಾವೇ ಕುಡಿದು, "ಟ್ರೇಲರ್ ಅವರ್ದೈತಿ. ಅದೊಂದ ನೆನಪಿರ್ಲಿ" ಎಂದರು.

ನನಗೆ ಗೊತ್ತಿಲ್ಲವೇ? ಆದರೆ ಆ ಮನುಷ್ಯ ಹೇಳಿದ್ದರಲ್ಲಿ ಸುಳ್ಳೇನಿದೆ? ಓಡದಿದ್ದರೆ ನನ್ನ ಮಗ ಆ ಹೊತ್ತಿನಲ್ಲಿ ಹಾಸಿಗೆಯಲ್ಲಿ ಇರುತ್ತಿದ್ದ. ಕಬ್ಬು ಜಗ್ಗದ ಹುಡುಗ ಈ ಸೀಮೆಯಲ್ಲಿ ಯಾರಿದ್ದಾನೆ? ಇವನೂ ಜಗ್ಗಿರಬೇಕು.

೨೬ ಜನವರಿ, ಗುರುವಾರ

ಶಾಲೆಯಲ್ಲಿ ಝೆಂಡಾ ಏರಿಸಿ ಆಟೋಟ ಇಟ್ಟಿದ್ದರು. ಹೋದ ವರ್ಷ ಈ ದಿನ ಕನ್ನಡ ಶಾಲೆಯಲ್ಲಿ ಪೂನಮ ಮೊದಲು ಬಂದು ಒಂದು ಸ್ಟೀಲಿನ ಡಬ್ಬಿ ಗೆದ್ದಿದ್ದಳು. ಇವತ್ತು ಝೆಂಡಾ ಮುಗಿಯುತ್ತಲೇ ಮನೆಗೆ ಬಂದಳು.

"ಯಾಕ, ಆಟ ಇದ್ವಲ್ಲಾ?"

"ನೀನ ಬ್ಯಾಡ ಅಂದಿ."

"ನೋಡಾಕ ಕುಂಡರಬೇಕಿತ್ತು."

"ಕುಂಡರಾಕ ಆಗೂದಿಲ್ಲ ಆಯಿ" ಎಂದು ಒಳಗೆ ಹೋದಳು. ಊಟಕ್ಕೆ ಕರೆದರೆ ಬರಲಿಲ್ಲ. ಅವಳ ಮುಖ ಬಾತುಕೊಂಡಿದೆ, ಕಣ್ಣ ಕೆಳಗೆ ಕಪ್ಪು ಬಂದಿದೆ. ಚಿಕ್ಕ ಮಕ್ಕಳಲ್ಲಿ ಇಂಥ ಮುಖ ಕಂಡರೆ ನಾನು ತಾಯಂದಿರನ್ನು ಕರೆದು ಗದರುತ್ತೇನೆ.

ಗ್ರೂಪು ಇರುವ ತನಕ ಇವಳ ಜೀವ ಅಲ್ಲೇ ಇರುತ್ತದೆ. ಅದು ಮುಚ್ಚಿದರೆ ಇವಳೂ ಮರೆಯುತ್ತಾಳೆ.

೨ ಫೆಬ್ರುವರಿ, ಗುರುವಾರ

ಬರೆದು ಹಾಕಿದೆ. ಬಹಳ ಬರೆಯಬೇಕೆಂದಿದ್ದೆ, ಎರಡೇ ಮಾತು ಬರೆದೆ. 'ಈ ಗ್ರೂಪು ಬಂದ್ ಮಾಡಿರಿ. ಇನ್ನು ಯಾರೂ ಓಡಬೇಡಿರಿ.' ಅಷ್ಟೇ. ಕೆಳಗೆ ಹೆಸರು ಹಾಕಲಿಲ್ಲ. ನನ್ನ ಫೋನು, ನನ್ನ ಮಾತು ಅಂತ ಎಲ್ಲರಿಗೂ ತಿಳಿಯುತ್ತದೆ.

ಬೆಳಗಿನ ಹಾಜರಿ ನಡೆದಿತ್ತು. ಅಲ್ಲಿಗೇ ನಿಂತುಹೋಯಿತು. ಮಧ್ಯಾಹ್ನ ನೋಡಿದರೆ ಒಬ್ಬೊಬ್ಬರೇ ಗ್ರೂಪು ಬಿಟ್ಟು ಹೋಗಿದ್ದರು. ಸಂಜೆಗೆ ಅಮೋಲ ಸರ್ ಉಳಿದವರನ್ನೂ ತೆಗೆದು ಮುಚ್ಚಿಬಿಟ್ಟಿದ್ದರು. ಒಂದು ಮಾತಿಗೆ ಇಷ್ಟು ಬೇಗ ಆಗುತ್ತದೆ ಎಂದು ಎಣಿಸಿರಲಿಲ್ಲ.

ಚಲೋ ಆಯಿತು.

೩ ಫೆಬ್ರುವರಿ, ಶುಕ್ರವಾರ

ಹೇಗೆ ಬರೆಯಲಿ.

ಅಂಗನವಾಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ಶೀತಲಳ ತಾಯಿ ಕಸ್ತೂರೆವ್ವ ಬಂದು ಅಂಗಳದಲ್ಲಿ ನಿಂತಳು. ಬಯ್ಯಲು ಬಂದಿದ್ದಾಳೆ ಎಂದುಕೊಂಡೆ. ಅವಳು ಬಯ್ಯಲಿಲ್ಲ. "ಬಾಯಾರ, ಪೋರಿಗಿ ನಿನ್ನಿಯಿಂದ ಜ್ವರ ಬಂದಾವ. ಏನೂ ಉಣ್ಣವಲ್ಲಳು. ಇದನ್ನ ನೋಡಿದಾಗಿಂದ ಅಳಾಕತ್ತಾಳ" ಎಂದು ಸೆರಗಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟಳು.

ಮೇಲುಗಡೆ ಹಲ್ಲು ಕಿರಿದ ನನ್ನ ಮಗನ ಫೋಟೋ. ಅದರ ಮಗ್ಗುಲಲ್ಲಿ ಹೆಸರು, ವಿಕ್ರಾಂತ. ಅದರ ಕೆಳಗೆ, ಈ ಗ್ರೂಪು ಬಂದ್ ಮಾಡಿರಿ. ಇನ್ನು ಯಾರೂ ಓಡಬೇಡಿರಿ.

ಊರಿನವರೆಲ್ಲ ನನ್ನ ನಂಬರನ್ನು ಅವನ ಹೆಸರಿನಲ್ಲೇ ಇಟ್ಟುಕೊಂಡಿದ್ದಾರೆ. ನನಗೆ ಗೊತ್ತಿದ್ದ ಸಂಗತಿಯೇ. ಅವನೇ ಎಲ್ಲರ ಮನೆಗೆ ಹೋಗಿ ಸೇವ್ ಮಾಡಿಕೊಟ್ಟು ಬಂದಿದ್ದ. ಬರೆಯುವಾಗ ಹೊಳೆಯಲಿಲ್ಲ. ನನ್ನ ಫೋನಿನಲ್ಲಿ ನನ್ನ ಮಾತು ಬರೀ ನನ್ನ ಮಾತಿನ ಹಾಗೆ ಕಾಣಿಸಿತ್ತು.

"ನೀವ ಬರದೀರಿ ಅಂತ ನಾ ಹೇಳಿದ್ನಿ" ಎಂದಳು ಕಸ್ತೂರೆವ್ವ. "ಗೊತ್ತೈತಿ ಅಂತಾಳ. ಗೊತ್ತಿದ್ರೂ ಅಂವಾ ಬ್ಯಾಡ ಅಂದಂಗ ಆಗೇತಿ ಅಂತಾಳ. ಸಣ್ಣವು ಅದಾವ್ರಿ, ಏನ ಮಾಡೂಣು."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅವಳೂ ಕೂತಳು, ನನ್ನ ಬೆನ್ನ ಮೇಲೆ ಕೈ ಇಟ್ಟಳು. ಅವಳು ಈ ಓಣಿಯ ನೆಲದ ಮೇಲೆ ಕೂತದ್ದು ಇದೇ ಮೊದಲು ಇರಬೇಕು. ಎಲ್ಲವನ್ನೂ ಬಾಗಿಲಲ್ಲಿ ನಿಂತು ಪೂನಮ ಕೇಳಿಸಿಕೊಂಡಿದ್ದಳು. ಕಸ್ತೂರೆವ್ವ ಹೋದ ಮೇಲೆ ನನ್ನ ಮುಂದೆ ಬಂದು ನಿಂತಳು.

"ದಾದಾ ಯಾವತ್ತರ ಹಿಂಗ ಅಂದಿದ್ನೇನ ಆಯಿ? ನಾ ಹಿಂದ ಉಳದ್ರ 'ಓಡಬೇ, ಓಡಬೇ' ಅಂತಿದ್ದ. ನೀ ಅವನ ಹೆಸರಲೇ ಸುಳ್ಳ ಹೇಳಿದಿ."

ಹೊಡೆಯಲು ಕೈ ಎತ್ತಿದೆ. ಹೊಡೆಯಲಿಲ್ಲ.

೪ ಫೆಬ್ರುವರಿ, ಶನಿವಾರ

ಫೋನು ಸುಮ್ಮನಿತ್ತು.

೫ ಫೆಬ್ರುವರಿ, ರವಿವಾರ

ಸುಮ್ಮನಿತ್ತು. ಚಾರ್ಜು ತುಂಬಿತ್ತು, ರೇಂಜೂ ಇತ್ತು. ಇವರ ಫೋನಿನಿಂದ ನನ್ನ ನಂಬರಿಗೆ ಹಚ್ಚಿ ನೋಡಿದೆ. ಬಾರಿಸಿತು.

೮ ಫೆಬ್ರುವರಿ, ಬುಧವಾರ

ದಿನವೂ ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ಕಣ್ಣು ಮುಚ್ಚಿ ಬಿದ್ದುಕೊಂಡಿರುತ್ತೇನೆ. ಮೊದಲು ಎದ್ದ ಕೂಡಲೇ ಸಿಟ್ಟು ಬರುತ್ತಿತ್ತು, ಸಿಟ್ಟಿನ ಮೇಲೆ ಒಲೆ ಹಚ್ಚುತ್ತಿದ್ದೆ, ಕಸ ಗುಡಿಸುತ್ತಿದ್ದೆ. ಈಗ ಆ ಸಿಟ್ಟೂ ಇಲ್ಲ. ಜಗತ್ತಿನಲ್ಲಿ ದಿನಕ್ಕೆ ಒಮ್ಮೆಯಾದರೂ ನನ್ನ ಮಗನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಆ ಹುಡುಗರು ಮಾತ್ರ. ಮನೆಗೆ ಬಂದವರು 'ನಿಮ್ಮ ಹುಡುಗ' ಅನ್ನುತ್ತಾರೆ. ಇವರಂತೂ 'ಅಂವಾ' ಅನ್ನುವುದನ್ನೂ ಬಿಟ್ಟಿದ್ದಾರೆ. ನಾನೇ ಅವರ ಬಾಯಿ ಮುಚ್ಚಿಸಿದೆ.

ಇವತ್ತು ಪೂನಮಳ ತಲೆ ಬಾಚುತ್ತ ಕೇಳಿದೆ. "ಆವತ್ತ ದಾದಾ ಕಬ್ಬ ಜಗ್ಗಿದ್ನೇನ?"

ಅವಳು ಹಿಂದೆ ತಿರುಗಲಿಲ್ಲ. "ಇಲ್ಲ."

"ಮತ್ತ?"

"ನಾವ ಡಾಂಬರ ಮ್ಯಾಲೆ ಇರ್ಲಿಲ್ಲ ಆಯಿ, ಬಾಜೂಕ ಮಣ್ಣಿನ್ಯಾಗ ಇದ್ವಿ. ಟ್ರ್ಯಾಕ್ಟರ್ ಹೋತು, ಒಂದ ಟ್ರೇಲರ್ ಹೋತು. ಹಿಂದ ಇನ್ನೊಂದ ಐತಿ ಅಂತ ಕಾಣಲೇ ಇಲ್ಲ. ಅದಕ್ಕ ದೀಪ ಇರ್ಲಿಲ್ಲ, ಕೆಂಪ ಪಟ್ಟಿ ಇರ್ಲಿಲ್ಲ, ಏನೂ ಇರ್ಲಿಲ್ಲ. ತಿರುವಿನ್ಯಾಗ ಹೊಳ್ಳಿ ಬಂತು. ದಾದಾ ಯಾವಾಗ್ಲೂ ನನ್ನ ಹೊಲದ ಬಾಜು ಹಾಕತಿದ್ದ, ತಾ ರಸ್ತೆದ ಬಾಜು ಓಡತಿದ್ದ."

"ಇಷ್ಟ ದಿನ ಯಾಕ ಹೇಳ್ಲಿಲ್ಲ?"

"ನೀ ಕೇಳ್ಲಿಲ್ಲ."

ಬಾಚಣಿಗೆ ನನ್ನ ಕೈಯಲ್ಲೇ ಇತ್ತು. ಊರೆಲ್ಲ ಬಂದು ನನ್ನನ್ನು ಕೇಳಿತು, ಹೆಂಗಾತ್ರಿ ಎಂದು. ಕಣ್ಣಾರೆ ಕಂಡವಳು ನನ್ನ ಮನೆಯಲ್ಲೇ ಹೊರಸಿನ ಮೇಲೆ ಬಿದ್ದಿದ್ದಳು. ನಾನು ಕೇಳಲಿಲ್ಲ. ಅವಳನ್ನು ನೋಡಿದಾಗೆಲ್ಲ ಇವಳಿಗೆ ಒಂದು ಗೀರೂ ಆಗಿಲ್ಲ ಎಂದೇ ನನ್ನ ಮನಸ್ಸಿನಲ್ಲಿ ಬರುತ್ತಿತ್ತು. ಅದು ಅವಳಿಗೆ ಗೊತ್ತಿತ್ತೋ ಏನೋ. ಗೊತ್ತಿರದೆ ಏನು.

ಜಡೆ ಹಾಕಿ ಮುಗಿಸಿ ಅವಳನ್ನು ತಬ್ಬಿಕೊಂಡೆ. ಬಹಳ ಹೊತ್ತು ಇಬ್ಬರೂ ಅತ್ತೆವು. ಶಾಲೆಗೆ ತಡವಾಯಿತು.

೧೩ ಫೆಬ್ರುವರಿ, ಸೋಮವಾರ

ತಾತ್ಯಾಸಾಹೇಬರು ಅಂಗನವಾಡಿಯ ಮುಂದೆ ಮೋಟಾರು ಸೈಕಲು ನಿಲ್ಲಿಸಿದರು. "ಚಲೋ ಕೆಲಸ ಮಾಡಿದ್ರಿ ಬಾಯಾರ. ಊರ ಹುಡುಗೂರು ಉಳದ್ವು" ಎಂದರು.

"ನಿಮ್ಮ ಹಿಂದಿನ ಟ್ರೇಲರಿಗಿ ದೀಪ ಇತ್ತೇನ್ರಿ?" ಎಂದು ಕೇಳಿದೆ.

"ಅದೇನ ಈಗ..."

"ಇತ್ತೋ ಇಲ್ಲೋ ಅಷ್ಟ ಹೇಳ್ರಿ."

ಮಕ್ಕಳೆಲ್ಲ ಉಪ್ಪಿಟ್ಟು ತಿನ್ನುವುದನ್ನು ಬಿಟ್ಟು ನೋಡುತ್ತಿದ್ದರು. ಅವರು ಗಾಡಿಗೆ ಕಿಕ್ ಹೊಡೆದರು, ಒಮ್ಮೆಲೇ ಚಾಲೂ ಆಗಲಿಲ್ಲ, ಮತ್ತೆ ಹೊಡೆದು ಹೋದರು. ಸಂಜೆ ಇವರಿಗೆ ಹೇಳಿದೆ. "ಪೂನಮ ಹೇಳಿದ್ದನ್ನ ಪೊಲೀಸ್ರಿಗೂ ಹೇಳಸೂಣು. ನಾಳೆ ರಜಾ ಹಾಕತೀನಿ" ಎಂದರು. ವಿಕ್ರಾಂತ ಹೋದ ಮೇಲೆ ಇವರು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಕೇಳಿರಲಿಲ್ಲ.

೨೦ ಫೆಬ್ರುವರಿ, ಸೋಮವಾರ

ಹೋದ ಮಂಗಳವಾರ ಪೂನಮ ಇವರ ಜೊತೆ ಹೋಗಿ ಪೊಲೀಸರ ಮುಂದೆ ಕಂಡದ್ದು ಹೇಳಿ ಬಂದಳು. ಇವತ್ತು ನಾನು ಹೈಸ್ಕೂಲಿಗೆ ಹೋಗಿದ್ದೆ. ಅಮೋಲ ಸರ್ ಮೈದಾನದ ಅಂಚಿನಲ್ಲಿ ಒಬ್ಬರೇ ನಿಂತು ಸುಣ್ಣದ ಗೆರೆ ಎಳೆಯುವ ಹಗ್ಗ ಸುತ್ತುತ್ತಿದ್ದರು. ಇಳಿದುಹೋಗಿದ್ದಾರೆ. ನನ್ನನ್ನು ಕಂಡು ಹಗ್ಗ ಕೆಳಗಿಟ್ಟರು. ನಾನು ಬಯ್ಯುತ್ತೇನೆ ಎಂದು ಕಾಯುತ್ತಿದ್ದರು ಎಂದು ಕಾಣುತ್ತದೆ.

"ಗ್ರೂಪ್ ಮತ್ತ ತಗೀರಿ ಸರ್" ಎಂದೆ. "ರಸ್ತೆದ ಮ್ಯಾಲೆ ಬ್ಯಾಡ. ಊರಾಗಿನವು ಈ ಮೈದಾನದಾಗ ಓಡ್ಲಿ. ತ್ವಾಟದಾಗ ಮನಿ ಇದ್ದವು ಅಲ್ಲೇ ಹೊಲದ ದಾರ್ಯಾಗ ಓಡ್ಲಿ. ಬೆಳಕ ಹರದ ಮ್ಯಾಲೆ. ಸೂರ್ಯಾ ಮೊದಲ ಬಂದ್ರ ಬರ್ಲಿ."

ಅವರು ನನ್ನ ಮುಖ ನೋಡಲಿಲ್ಲ. "ಅವತ್ತಿಂದ ನನಗೂ ನಿದ್ದಿ ಇಲ್ರಿ. ರಸ್ತೆ ಬಿಡ್ರಿ ಅಂತ ನಾ ಮೊದಲ ಹೇಳ್ಬೇಕಿತ್ತು." ಆಮೇಲೆ, "ಈಗ ಗ್ರೂಪ್ ತಗದ್ರೂ ಹುಡುಗೂರು ಬರೂದಿಲ್ರಿ ಬಾಯಾರ. ನಾ ಕೇಳಿ ನೋಡೀನಿ. ವಿಕ್ರಾಂತ ಬ್ಯಾಡ ಅಂದಾನ ಅಂತಾವ. ಮತ್ತ ಕಟ್ಟಿಮ್ಯಾಲೆ ಫೋನ್ ಹಿಡಕೊಂಡ ಕುಂತಾವ. ನೀವ ಇನ್ನೊಂದ ಸಲ ಅದ ನಂಬರಲೇ ಓಡ್ರಿ ಅಂತ ಬರದ್ರ..."

"ಅದೊಂದ ಆಗೂದಿಲ್ಲ."

ಆಗುವುದಿಲ್ಲ. ಒಮ್ಮೆ ಅವನ ಬಾಯಿಂದ ಆಡಿಸಿದ್ದು ಸಾಕು. ಒಳ್ಳೆಯ ಮಾತೇ ಆಗಲಿ, ಅವನು ಆಡದ ಮಾತು ಅವನದಲ್ಲ. ಇನ್ನೊಬ್ಬರ ಹೆಸರಿನಲ್ಲಿ ಬರೆಯಬೇಕು. ಯಾರ ಹೆಸರಿನಲ್ಲಿ ಎಂಬುದೂ ಗೊತ್ತು. ಹಾದಿಯಲ್ಲಿ ಬರುತ್ತ ಬರುತ್ತ ಅದರ ಅರ್ಥ ಪೂರ್ತಿ ತಿಳಿಯಿತು. ಅವನ ಹೆಸರನ್ನು ಎಲ್ಲರ ಫೋನಿನಿಂದ ನಾನೇ ತೆಗೆಸಬೇಕು.

೨೫ ಫೆಬ್ರುವರಿ, ಶನಿವಾರ

ಪೋಲಿಯೋ ಹನಿ ಹಾಕಲು, ಮಕ್ಕಳ ತೂಕ ಬರೆದುಕೊಳ್ಳಲು ಇಷ್ಟು ವರ್ಷ ಈ ಊರಿನ ಮನೆ ಮನೆ ತಿರುಗಿದ್ದೇನೆ. ಯಾವ ಬಾಗಿಲಲ್ಲಿ ನಾಯಿ ಇದೆ, ಯಾವ ಬಾಗಿಲಲ್ಲಿ ನನ್ನನ್ನು ಹೊರಗೇ ನಿಲ್ಲಿಸುತ್ತಾರೆ, ಎಲ್ಲ ಗೊತ್ತು. ಈ ನಾಲ್ಕು ದಿನ ಹಾಗೆಯೇ ತಿರುಗಿದೆ, ಪೂನಮಳನ್ನು ಜೊತೆಗೆ ಕರೆದುಕೊಂಡು. ಮೊದಲು ನನ್ನ ಫೋನಿನಿಂದ ಅವನ ಫೋಟೋ ತೆಗೆದು ಅವಳದು ಹಾಕಿದೆವು. ಆಮೇಲೆ ಒಂದೊಂದು ಮನೆಗೆ ಹೋಗಿ ಒಂದೇ ಮಾತು.

"ನನ್ನ ನಂಬರ್ ವಿಕ್ರಾಂತ ಅಂತ ಐತಿ. ಪೂನಮ ಅಂತ ಮಾಡ್ಕೋರಿ."

ಕೆಲವರು ಒಳಗೆ ಕರೆದರು. ಕೆಲವರು ಹೊಸ್ತಿಲಲ್ಲೇ ಫೋನು ತಂದರು. ಓದು ಬಾರದವರು ನನ್ನ ಕೈಗೇ ಕೊಟ್ಟರು. ನಾನೇ ಅಳಿಸಿದೆ. ಆ ಫೋನಿನಲ್ಲಿ ಹೆಸರು ಒಮ್ಮೆಲೇ ಹೋಗುವುದಿಲ್ಲ, ಹಿಂದಿನಿಂದ ಒಂದೊಂದೇ ಅಕ್ಷರ ಹೋಗುತ್ತದೆ. ಮೊದಲ ಮನೆಯಲ್ಲಿ ಕಣ್ಣು ಮಂಜಾಗಿ ಪೂನಮಳ ಕೈಗೆ ಕೊಟ್ಟೆ. ಆಮೇಲೆ ರೂಢಿಯಾಯಿತು. ಇದಕ್ಕೂ ರೂಢಿಯಾಗುತ್ತದೆ ಎಂದು ತಿಳಿದಿರಲಿಲ್ಲ. ಮನೆಯಲ್ಲಿ ಹುಡುಗರಿದ್ದರೆ ಅವರಿಗೂ ಹೇಳಿದೆ. "ಆವತ್ತ ಬರದಾಕಿ ನಾನು. ವಿಕ್ರಾಂತ ಅಲ್ಲ. ಅಂವಾ ಹಂಗ ಅನ್ನಾವಲ್ಲ, ನಿಮಗ ಗೊತ್ತೈತಿ."

ಕೊನೆಗೆ ಕಸ್ತೂರೆವ್ವನ ಮನೆ. ಶೀತಲಳ ಜ್ವರ ಎಂದೋ ಬಿಟ್ಟಿದೆ, ಸೊರಗಿದ್ದಾಳೆ. ಮಾತು ಕೇಳಿ ಫೋನನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ನಾ ಅಳಸೂದಿಲ್ರಿ ಕಾಕು. ಇದೊಂದರಾಗರ ಇರ್ಲಿ."

"ಹಾಜರಿ ಕರ್ಯಾಕಿ ನೀ ಇದ್ದಿ, ಮಗಳ. ನಿನ್ನ ಫೋನಿನ್ಯಾಗ ಅವನ ಹೆಸರ ಇದ್ರ ನೀ ಅವನ್ನ ಕರೀತಿ. ಪೂನಮ ಎಷ್ಟ ಓಡಿದ್ರೂ ಅವನ ಹೆಸರಲೇ ಓಡ್ತಾಳ."

ಶೀತಲ ಪೂನಮಳನ್ನು ನೋಡಿದಳು. ಪೂನಮ ನೆಲ ನೋಡುತ್ತಿದ್ದಳು. ಶೀತಲ ಕೈ ಮುಂದೆ ಮಾಡಿದಳು, ಆದರೆ ಅಳಿಸಲು ಅವಳಿಂದ ಆಗಲಿಲ್ಲ. ನಾನೇ ಅಳಿಸಿದೆ. ಕಸ್ತೂರೆವ್ವ ಒಳಗಿನಿಂದ ಚಹಾ ತಂದಳು. ತಮ್ಮ ಮನೆಯ ಕಪ್ಪಿನಲ್ಲೇ ಕೊಟ್ಟಳು, ತಾನೂ ಕುಡಿದಳು.

ಮನೆಗೆ ಬಂದು ಇವರಿಗೆ "ಆತು" ಎಂದೆ. ಇವರು ತಮ್ಮ ಫೋನು ತೆಗೆದು ನೋಡಿದರು. ಅದರಲ್ಲಿಯೂ ನಾನು ವಿಕ್ರಾಂತ ಎಂದೇ ಇದ್ದೆ. "ನಂದರಾಗ ಬ್ಯಾಡ" ಎಂದು ಒಂದೇ ಮಾತು ಹೇಳಿ ಹೊರಗೆ ಹೋದರು. ಒತ್ತಾಯ ಮಾಡಲಿಲ್ಲ.

೨೭ ಫೆಬ್ರುವರಿ, ಸೋಮವಾರ

ನಿನ್ನೆ ಸಂಜೆ ಸರ್ ಹೊಸ ಗ್ರೂಪು ತೆಗೆದರು. ಇವತ್ತು ಬೆಳಕು ಹರಿದ ಮೇಲೆ ಪೂನಮಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಎಲ್ಲರೂ ಬಂದಿರಲಿಲ್ಲ, ಆದರೆ ಬಂದಿದ್ದರು. ಬೂಟು ಅಣ್ಣನವು, ಅವಳಿಗೆ ದೊಡ್ಡವಾಗುತ್ತವೆ. ಬೇಡ, ಬೀಳುತ್ತೀ ಎಂದೆ. ಬಿಚ್ಚಿ ನನ್ನ ಕೈಗೆ ಕೊಟ್ಟು ಬರಿಗಾಲಲ್ಲಿ ನಿಂತಳು. ಮೊದಲ ಸುತ್ತು ಹೆದರಿ ಹೆದರಿ ಓಡಿದಳು, ನಾನು ಇದ್ದ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು. ಎರಡನೆಯ ಸುತ್ತಿನಲ್ಲಿ ನೋಡಲಿಲ್ಲ.

ಶೀತಲ ಆ ಕಡೆ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಹಾಜರಿ ಬರೆಯುತ್ತಿದ್ದಳು, ತೋಟದ ಮನೆಯ ಹುಡುಗರೂ ಇದ್ದಾರಲ್ಲ. ನನ್ನ ಕೈಯಲ್ಲಿ ಫೋನು ಟಿಣ್ ಅಂದಿತು. ಒಂದೊಂದೇ ಹೆಸರು ಬಂತು. ಪೂನಮ ಎಂದು ಬಂದಾಗ ಅವಳು ಮೈದಾನದ ಆ ತುದಿಯಲ್ಲಿದ್ದಳು. 'ಹಾಜರ್' ಎಂದು ನಾನೇ ಬರೆದೆ.

ವಿಕ್ರಾಂತನ ಹೆಸರು ಬರೆಯಬೇಡ ಎಂದು ಶೀತಲಳಿಗೆ ನಾನೇ ಹೇಳಿದ್ದೆ. ಅವಳು ಬರೆಯಲಿಲ್ಲ. ಆದರೂ ಕೊನೆಯ ಹೆಸರು ಮುಗಿಯುವವರೆಗೆ ಕಾದೆ. ಮುಗಿದ ಮೇಲೂ ಸ್ವಲ್ಪ ಹೊತ್ತು ಕಾದೆ.